ಚೇಚಿಯ ಜೀಪಿನ ವೈಪರ್

ಅಳಿಯ ಕಾರಿಗೆಂದು ತಂದ ಹೊಸ ವೈಪರನ್ನು ಜಗಲಿಯ ಮೇಲೆ ಇಟ್ಟು ಊಟಕ್ಕೆ ಕೂತಿದ್ದ. ಬಿಸಿಲಿಗೆ ಅದರ ರಬ್ಬರು ಕಾದು ವಾಸನೆ ಹೊಡೆಯುತ್ತಿತ್ತು. ಒಳ್ಳೆಯ ವಾಸನೆಯೇನಲ್ಲ. ಆದರೆ ರಬ್ಬರಿನ ವಾಸನೆ ಮೂಗಿಗೆ ಬಡಿದರೆ ನನಗೆ ಎದೆ ಹಗುರವಾಗುತ್ತದೆ. ಅದು ಚೇಚಿಯಿಂದ ಬಂದ ಅಭ್ಯಾಸ.

ಕಡಬದ ಹತ್ತಿರ ನಮ್ಮ ಪಕ್ಕದ ಜಾಗ ಅವಳದು. ಕೇರಳದಿಂದ ಬಂದ ಕ್ರಿಶ್ಚಿಯನ್ ಹೆಂಗಸು. ಗಂಡ ತೀರಿಹೋದ ಮೇಲೆ ರಬ್ಬರು ತೋಟ ನೋಡಿದ್ದೂ ಅವಳೇ, ಜೀಪು ಬಿಟ್ಟದ್ದೂ ಅವಳೇ. ನಾನು ಅವಳನ್ನು ಚೇಚಿ ಎಂದು ಕರೆಯುತ್ತಿದ್ದೆ, ಅವರ ಭಾಷೆಯಲ್ಲಿ ಅಕ್ಕ ಎಂದು. ಅವಳು ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ತಾನು ದೊಡ್ಡವಳು ಎಂದು ಒಪ್ಪಿಕೊಳ್ಳಲು ಇಬ್ಬರಿಗೂ ಮನಸ್ಸಿರಲಿಲ್ಲ.

ಬೇಸಿಗೆಯಲ್ಲಿ ಅವಳ ಜೀಪು ಓಡಿದ್ದಕ್ಕಿಂತ ಅಂಗಳದಲ್ಲಿ ನಿಂತದ್ದೇ ಹೆಚ್ಚು. ರಬ್ಬರು ಹಾಲನ್ನು ಹೆಪ್ಪುಗಟ್ಟಿಸಿ ಮಾಡಿದ ಹಸಿ ಶೀಟುಗಳನ್ನು ಅದರ ಬಾನೆಟ್ಟಿನ ಮೇಲೆ, ಮುಂದಿನ ಗಾಜಿನ ಮೇಲೆ ಹರಡಿ ಒಣಗಿಸುತ್ತಿದ್ದಳು. ಗಾಳಿಗೆ ಹಾರಬಾರದೆಂದು ವೈಪರಿನ ಕಡ್ಡಿಯನ್ನು ಶೀಟಿನ ಮೇಲೆ ಒತ್ತಿ ಇಡುವುದು. ಅದು ಅಂಟುತ್ತದೆ ಎಂದು ನಾನು ಹೇಳಿದ್ದೆ.

"ಬೇಸಿಗೆಯಲ್ಲಿ ಅದಕ್ಕೆ ಬೇರೆ ಎಂತ ಕೆಲಸ ಉಂಟು ಅಕ್ಕ? ತಿಂದು ಕೂತದ್ದಲ್ವಾ, ದುಡಿಯಲಿ" ಎಂದಿದ್ದಳು.

ಮಳೆಗಾಲದ ಮೊದಲ ಮಳೆ ಬರುವ ದಿನ. ಮೋಡ ಕಟ್ಟಿದ್ದು ನೋಡಿ ನಮ್ಮ ಯಜಮಾನರು ಅಂಗಳದ ಕಟ್ಟಿಗೆಯನ್ನು ಒಳಗೆ ಹಾಕುತ್ತಿದ್ದರು. ರಾಶಿಯ ಅಡಿಯಲ್ಲಿದ್ದ ಹಾವು ಅವರ ಪಾದಕ್ಕೆ ಕಚ್ಚಿತು. ನಾನು ಬೇಲಿಯ ಹತ್ತಿರ ಹೋಗಿ ಕೂಗಿದೆ. ಚೇಚಿ ಶೀಟುಗಳನ್ನು ಎಳೆದು ನೆಲಕ್ಕೆ ಹಾಕಿ ಜೀಪು ತಂದಳು. ಅವರನ್ನು ಹಿಂದೆ ಮಲಗಿಸಿದೆವು. ಪುತ್ತೂರಿಗೆ ಹೋದರೆ ಮಾತ್ರ ಇಂಜೆಕ್ಷನ್ನು.

ಕಾಣಿಯೂರು ದಾಟಿದ ಮೇಲೆ ಮಳೆ ಸುರಿಯಿತು. ಸುರಿಯಿತು ಅಂದರೆ... ಎದುರಿಗೆ ರಸ್ತೆ ಇದೆಯೋ ತೋಡು ಇದೆಯೋ ಗೊತ್ತಾಗಲಿಲ್ಲ. ಚೇಚಿ ಸ್ವಿಚ್ಚು ಒತ್ತಿದಳು. ಒಳಗಿನಿಂದ ಗುಂಯ್ ಎಂದು ಸದ್ದು ಬಂತು, ವೈಪರು ಮಾತ್ರ ಅಲುಗಲಿಲ್ಲ. ಅವಳು ತಲೆ ಹೊರಗೆ ಹಾಕಿ ಸ್ವಲ್ಪ ದೂರ ಓಡಿಸಿದಳು. ಒಂದು ತಿರುವಿನಲ್ಲಿ ಚಕ್ರ ಚರಂಡಿಯ ಅಂಚಿನವರೆಗೆ ಹೋಯಿತು. ಅಲ್ಲಿಗೆ ನಿಲ್ಲಿಸಿದಳು. ಇಬ್ಬರೂ ಇಳಿದೆವು. ನಾನು ನನ್ನ ಎಲೆಯಡಿಕೆ ಚೀಲದಿಂದ ಹೊಗೆಸೊಪ್ಪು ತೆಗೆದು ಗಾಜಿಗೆ ಉಜ್ಜಿದೆ. ಸಣ್ಣ ಮಳೆಗಾದರೆ ನೀರು ಜಾರಿ ಹೋಗುತ್ತದೆ. ಈ ಮಳೆಗೆ ಹೊಗೆಸೊಪ್ಪೇ ಜಾರಿ ಹೋಯಿತು.

"ಎಂಡೆ ಕರ್ತಾವೇ, ನನ್ನ ದೇವರೇ! ಮೋಟಾರು ಸುಟ್ಟಿತು ಅಕ್ಕ" ಎಂದಳು ಚೇಚಿ.

"ಸುಟ್ಟಿದ್ರೆ ಗುಂಯ್ ಅಂತದಾ? ಸತ್ತವರು ನರಳ್ತಾರಾ?" ಎಂದೆ.

ಹಿಂದಿನಿಂದ ನಮ್ಮವರ ಸ್ವರ ಬಂತು. "ನಾನು ಇನ್ನೂ ನರಳ್ತಾ ಇದ್ದೇನೆ, ಮಾರಾಯ್ತಿ."

ಅವರ ನಾಲಿಗೆ ಆಗಲೇ ದಪ್ಪವಾಗಿತ್ತು. ಆ ಮಾತು ಕೇಳಿ ನನಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ.

ಬಗ್ಗಿ ನೋಡಿದರೆ ವೈಪರು ಗಾಜಿಗೆ ಗಟ್ಟಿಯಾಗಿ ಅಂಟಿತ್ತು. ಬೇಸಿಗೆಯೆಲ್ಲ ಶೀಟಿನ ಹಾಲು ಕುಡಿದ ಕಡ್ಡಿ, ಶೀಟು ಎಳೆದ ಮೇಲೆ ಗಾಜಿಗೇ ಕಚ್ಚಿಕೊಂಡಿತ್ತು. ಚೇಚಿ ಹಾಲಿಗೆ ರಬ್ಬರು ಮರ ಕೆರೆಯುವ ಕತ್ತಿಯಿಂದ ಅದನ್ನು ಎಬ್ಬಿಸಿದಳು. ಮತ್ತೆ ಸ್ವಿಚ್ಚು ಒತ್ತಿದಳು. ಆಗಲೂ ಏಳಲಿಲ್ಲ. ನಾನು ಕಡ್ಡಿಯ ಬುಡದ ಮೇಲೆ ಕಣ್ಣಿಟ್ಟು ನಿಂತಿದ್ದೆ. ಬುಡದ ನಟ್ಟು ಆಚೆ ಈಚೆ ತಿರುಗುತ್ತದೆ, ಕಡ್ಡಿ ಸುಮ್ಮನೆ ನಡುಗುತ್ತದೆ.

"ಚೇಚಿ, ಇದು ಹಿಡಿ ಸಡಿಲ ಆದ ಕತ್ತಿ" ಎಂದೆ.

ಅವಳಿಗೆ ಬೇರೇನೂ ಹೇಳಬೇಕಾಗಲಿಲ್ಲ. ಕತ್ತಿಯ ಹಿಡಿ ಸಡಿಲವಾದರೆ ನಾವು ಬುಡಕ್ಕೆ ಬಟ್ಟೆ ಸುತ್ತಿ ಹಿಡಿಯನ್ನು ಮತ್ತೆ ಹೊಡೆದು ಕೂರಿಸುತ್ತೇವೆ. ಅಂಟಿದ ಕಡ್ಡಿಯನ್ನು ಮೋಟಾರು ಎಳೆದೂ ಎಳೆದೂ ಕಡ್ಡಿಯ ಬುಡದ ಒಳಗಿನ ಹಲ್ಲು ಸವೆದಿತ್ತು, ಅಷ್ಟೆ. ಅವಳು ಸ್ಪ್ಯಾನರಿನಿಂದ ನಟ್ಟು ಬಿಚ್ಚಿ ಕಡ್ಡಿಯನ್ನು ಎತ್ತಿದಳು. ನಾನು ಸೆರಗಿನ ಅಂಚು ಹಲ್ಲಿನಿಂದ ಕಚ್ಚಿ ಹರಿದು ಕೊಟ್ಟೆ. ಮೊಳೆಯಂತಹ ಬುಡಕ್ಕೆ ಅದನ್ನು ಸುತ್ತಿ, ಕಡ್ಡಿ ಕೂರಿಸಿ, ಮಂಡಿ ಊರಿ ಬಿಗಿದಳು. ಮಳೆಯಲ್ಲಿ ಅವಳ ಕೈ ಜಾರುತ್ತಿತ್ತು. ನಾನು ಅವಳ ಮುಂಗೈ ಹಿಡಿದುಕೊಂಡೆ.

"ಬೇಗ ಬೇಗ" ಎಂದು ನಾನು ಬೈದೆ.

"ನಿಧಾನಕ್ಕೆ ಆಗ್ಲಿ, ನಂಗೆ ಎಂತ ಅವಸರ ಇಲ್ಲ" ಎಂದರು ನಮ್ಮವರು. ಆಮೇಲೆ ಮಾತಾಡಲಿಲ್ಲ.

ಸ್ವಿಚ್ಚು ಒತ್ತಿದಾಗ ವೈಪರು ಎದ್ದಿತು. ಚೇಚಿಯ ಬದಿಯದ್ದು ಒಂದೇ. ಕೀರಲು ಸ್ವರದಲ್ಲಿ ಹೋಯಿತು, ಬಂತು. ಸುತ್ತಿದ ಬಟ್ಟೆಯ ತುದಿ ಹೊರಗೆ ಇಣುಕಿ ಅದರ ಜೊತೆ ಹೋಗಿ ಬರುತ್ತಿತ್ತು. ಸವಣೂರು ದಾಟಿ ಪುತ್ತೂರಿನವರೆಗೆ ನಾನು ರಸ್ತೆ ನೋಡಲಿಲ್ಲ, ಆ ಬಟ್ಟೆಯ ತುದಿಯನ್ನೇ ನೋಡುತ್ತಿದ್ದೆ. ಅದು ನಿಂತರೆ ಎಲ್ಲ ನಿಂತ ಹಾಗೆ.

ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರು ಹೊರಗೆ ಬಂದು, ಇನ್ನು ಭಯ ಇಲ್ಲ, ಗಂಜಿ ಕೇಳ್ತಿದ್ದಾರೆ ಎಂದರು. ನಾನು ಆಸ್ಪತ್ರೆಯ ಜಗಲಿಯಲ್ಲಿ ಕೂತುಬಿಟ್ಟೆ. ಚೇಚಿ ನನ್ನ ಸೆರಗು ಹಿಡಿದು ನೋಡಿದಳು.

"ಅಕ್ಕ, ಒಳ್ಳೆ ಸೀರೆ ಹಾಳಾಯ್ತಲ್ಲ."

"ಸೀರೆ ನಂದು, ಗಂಡ ನಂದು. ನಿಂಗೆ ಎಂತ? ನೀನು ನಿನ್ನ ಶೀಟು ನೋಡು ಹೋಗು, ಅಂಗಳದಲ್ಲಿ ಕೊಳೀತಾ ಉಂಟು."

ಇಬ್ಬರಿಗೂ ನಗು ಹಿಡಿಯಿತು. ನಿಲ್ಲಲೇ ಇಲ್ಲ. ನರ್ಸು ಬಂದು, ಇದು ಆಸ್ಪತ್ರೆಯಾ ಮದುವೆ ಮನೆಯಾ ಎಂದು ಗದರಿದಳು.

ಮುಂದಿನ ಬೇಸಿಗೆಯಲ್ಲೂ ಚೇಚಿ ಜೀಪಿನ ಮೇಲೆ ಶೀಟು ಒಣಗಿಸಿದಳು. ಹೇಳಿದ್ದು ಕೇಳುವ ಜಾತಿ ಅಲ್ಲ. ಆದರೆ ವೈಪರುಗಳನ್ನು ಮಾತ್ರ ಗಾಜಿನಿಂದ ಎತ್ತಿ ನಿಲ್ಲಿಸಿ, ಶೀಟಿನ ಮೇಲೆ ಕಲ್ಲು ಇಡುತ್ತಿದ್ದಳು. ಆಮೇಲೆ ತೋಟ ಮಾರಿ ಕೇರಳದ ತನ್ನ ಊರಿಗೆ ಹೋದಳು. ಹೋಗುವಾಗ ಬರ್ತೇನೆ ಎಂದಳು... ಬರಲಿಲ್ಲ. ಅವಳು ತೀರಿಹೋದ ಸುದ್ದಿ ನಮಗೆ ಬಂದದ್ದು ಎಲ್ಲ ಮುಗಿದ ಮೇಲೆ. ಅವಳ ಮುಖ ನೋಡುವುದಕ್ಕೂ ಆಗಲಿಲ್ಲ.

ಅಳಿಯ ಊಟ ಮುಗಿಸಿ ಹೊಸ ವೈಪರು ಹಾಕಿದ. ಹಳೆಯದು ಬಿಸಿಲಿಗೆ ಗಾಜಿಗೆ ಅಂಟಿ ಹರಿದದ್ದಂತೆ. ಅವನು ಕೈ ತೊಳೆಯಲು ಹೋದಾಗ ನಾನು ಅಂಗಳಕ್ಕೆ ಇಳಿದು ಎರಡೂ ಕಡ್ಡಿಗಳನ್ನು ಗಾಜಿನಿಂದ ಎತ್ತಿ ನಿಲ್ಲಿಸಿದೆ.

ನಮ್ಮವರು ಜಗಲಿಯ ಕುರ್ಚಿಯಿಂದ ಕೇಳಿದರು, "ಚೇಚಿಯ ಕೆಲಸ ಆಯ್ತಾ?"

"ಆಯ್ತು" ಎಂದೆ.

ಅವಳಿಲ್ಲ. ಇವರು ಇದ್ದಾರೆ, ಇನ್ನೊಂದು ಸಲ ಚಹಾ ಕೇಳುತ್ತಾ.