ಅವಳು ಹಿಮ ನೋಡಬೇಕೆಂದ ಶುಕ್ರವಾರ

ಗಲ್ಫಿನಲ್ಲಿ ನಾಲ್ಕು ವರ್ಷ ಕಳೆದವರಿಗೆಲ್ಲ ಒಂದು ವಿಷಯ ಗೊತ್ತಿರುತ್ತದೆ. ಇಲ್ಲಿ ಇರುವವರು ಊರು ನೋಡುವುದಿಲ್ಲ. ಕೋಟೆ, ಕಣಿವೆ, ಬೆಟ್ಟ ಎಲ್ಲವೂ ಮುಂದಿನ ಚಳಿಗಾಲಕ್ಕೆ, ಅದರ ಮುಂದಿನ ಚಳಿಗಾಲಕ್ಕೆ ಎಂದು ದೂಡಿಕೊಂಡೇ ಹೋಗುತ್ತೇವೆ. ಯಾರಾದರೂ ಇದ್ದಕ್ಕಿದ್ದಂತೆ ಊರು ಸುತ್ತಲು ಹೊರಟರೆಂದರೆ ಅವರು ಗಂಟುಮೂಟೆ ಕಟ್ಟುತ್ತಿದ್ದಾರೆ ಎಂದೇ ಲೆಕ್ಕ. ಹಾಗಾಗಿ ಚಳಿಗಾಲ ಮುಗಿಯುತ್ತ ಬಂದಿದ್ದ ಒಂದು ದಿನ ಅವಳು ಫೋನ್ ಮಾಡಿ, “ಜಬಲ್ ಶಮ್ಸ್ ಬೆಟ್ಟದಲ್ಲಿ ಹಿಮ ಬಿದ್ದಿದೆಯಂತೆ ಮಾರಾಯ್ತಿ, ಶುಕ್ರವಾರ ಹೋಗುವನಾ?” ಎಂದಾಗ ನನಗೆ ಖುಷಿಯಾಗಲಿಲ್ಲ. ಇವಳೂ ಹೊರಟಳೇ ಎನಿಸಿತು.

ಅವಳು ಎಂದರೆ ನನ್ನ ಗೆಳತಿ. ಗಂಡನಿಗೆ ಇಲ್ಲೇ ಒಮಾನಿನ ವಾದಿ ಕಬೀರಿನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ. ಅವಳದು ಬ್ಯಾರಿ ಮನೆ, ನನ್ನದು ತುಳು ಮನೆ, ನಮ್ಮಿಬ್ಬರ ನಡುವೆ ಮಾತ್ರ ಯಾಕೋ ಮೊದಲ ದಿನದಿಂದ ಕನ್ನಡ. ನಾನು ಅಲ್ ಖೌದ್‌ನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಶನಿಸ್ಟ್. ಹಲ್ಲುನೋವೆಂದು ಬಂದವಳು ನನ್ನ ಮೇಜಿನ ಮುಂದೆ ಹಿಂದಿಯಲ್ಲಿ ತಡವರಿಸುತ್ತಿದ್ದಾಗ, “ಕನ್ನಡದಲ್ಲೇ ಹೇಳಿ” ಎಂದೆ. ಗೊಳೋ ಎಂದು ಅತ್ತಳು. ಅತ್ತದ್ದು ಹಲ್ಲಿಗೋ ಕನ್ನಡಕ್ಕೋ ಎಂದು ನಮ್ಮೊಳಗೆ ಇಂದಿಗೂ ತೀರ್ಮಾನವಾಗಿಲ್ಲ. ನನಗೆ ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ. ಆ ಹಲ್ಲುನೋವಿನ ದಿನದಿಂದ ನನ್ನ ರಜೆಯ ಊಟ ಅವಳ ಮನೆಯಲ್ಲಿ, ಬೈಗುಳವೂ ಅವಳಿಂದಲೇ. ಅವಳ ಮಕ್ಕಳು ನನ್ನನ್ನು ಆಂಟಿ ಎನ್ನದೆ ‘ಚಿಕ್ಕಮ್ಮ’ ಎಂದು ಕನ್ನಡದಲ್ಲೇ ಕರೆಯುತ್ತಾರೆ. ಮಿಕ್ಕ ಮಾತೆಲ್ಲ ಇಂಗ್ಲಿಷಿನಲ್ಲಿ, ಅದು ಬೇರೆ.

ಅವಳು ಹೊರಟಿದ್ದಾಳೆಂಬ ಅನುಮಾನ ನನಗೆ ಅದಕ್ಕೂ ಮೊದಲೇ ಬಂದಿತ್ತು. ಅವರ ಅಡುಗೆಮನೆಯ ಬಾಗಿಲ ಪಕ್ಕ ಯಾವತ್ತೂ ಕುಚ್ಚಲಕ್ಕಿಯ ಮೂಟೆ ಇರುತ್ತದೆ. ನಾನು ಹೋದರೆ ಕೂರುವುದೇ ಅದರ ಮೇಲೆ. ಹಿಂದಿನ ತಿಂಗಳು ಹೋದಾಗ ಮೂಟೆ ಇಲ್ಲ. ಕಟ್ಟೆಯ ಮೇಲೆ ಚಿಕ್ಕ ಅಕ್ಕಿ ಪ್ಯಾಕೆಟ್, ಅದರ ಬಾಯಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು. ಇಲ್ಲೇ ಇರುವ ಸಂಸಾರ ಅಕ್ಕಿಯನ್ನು ಪ್ಯಾಕೆಟ್ಟಿನಲ್ಲಿ ತರುವುದಿಲ್ಲ. “ಮೂಟೆ ಎಲ್ಲಿ?” ಎಂದೆ. “ಅಂಗಡಿಯಲ್ಲಿ ಇರಲಿಲ್ಲ” ಎಂದು ಬೆನ್ನು ತಿರುಗಿಸಿ ಮೀನು ಮಗುಚಿದಳು. ನಾನು ಆವತ್ತು ನಿಂತುಕೊಂಡೇ ಚಹಾ ಕುಡಿದು ಬಂದೆ.

ಹೋಗುವುದಾದರೆ ಹೋಗಲಿ, ಯಾರು ತಾನೇ ಇಲ್ಲಿ ಶಾಶ್ವತ? ಆದರೆ ಅದನ್ನು ನನಗೆ ಅವಳ ಬಾಯಿಂದಲೇ ಕೇಳಬೇಕಿತ್ತು. ಮೂರನೆಯವರಿಂದ ಕೇಳುವ ಹಾಗಾದರೆ ಇಷ್ಟು ವರ್ಷ ನಾನು ಅವಳಿಗೆ ಯಾರು? ಆ ಶುಕ್ರವಾರ ಹೇಳಿಯೇ ಹೇಳುತ್ತಾಳೆ ಎಂದುಕೊಂಡು ಹೊರಟೆ. ಹಿಮಗಿಮ ಯಾರಿಗೆ ಬೇಕಿತ್ತು!

ದೊಡ್ಡ ಗಾಡಿ ಇದ್ದದ್ದು ರುಸೈಲಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿರುವ ನಮ್ಮ ಗೆಳೆಯರೊಬ್ಬರದು. ನಾವಿಬ್ಬರೂ ಅವರನ್ನು ಅಣ್ಣ ಎನ್ನುವುದು, ಅವರ ಹೆಂಡತಿಯನ್ನು ಅತ್ತಿಗೆ. ಇವಳ ಗಂಡ ಬರಲಿಲ್ಲ, ಅಂಗಡಿಯಲ್ಲಿ ಕೆಲಸವಂತೆ. ಮಕ್ಕಳಿಗೆ ಪರೀಕ್ಷೆಯ ಓದು. ನಿಜ್ವಾ ದಾಟುವವರೆಗೂ ಅಣ್ಣನದೇ ಮಾತು. ಅತ್ತಿಗೆ ಚಕ್ಕುಲಿ ಹಂಚಿದರು. ಹಿಂದಿನ ಸೀಟಿನಲ್ಲಿ ನಾವಿಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದೆವು. ಅವಳು ನನ್ನ ಕಡೆ ತಿರುಗಿದಾಗಲೆಲ್ಲ ಈಗ ಹೇಳುತ್ತಾಳೆ ಎಂದು ಕಿವಿ ನೆಟ್ಟಗಾಗುತ್ತಿತ್ತು. “ನೀರು ಬೇಕಾ?” ಎನ್ನುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ಮೇಲೆ ತಲುಪಿದಾಗ ಬಿಸಿಲು ಚೆನ್ನಾಗಿಯೇ ಬಿದ್ದಿತ್ತು. ಅವಳು ಕಳಿಸಿದ್ದ ವಿಡಿಯೊದಲ್ಲಿ ಕಂಡ ಬಿಳಿ ಬೆಟ್ಟ ಎಲ್ಲಿಯೂ ಇಲ್ಲ. ಜುನಿಪರ್ ಮರಗಳ ಬುಡದಲ್ಲಿ, ಬಂಡೆಗಳ ನೆರಳಿನಲ್ಲಿ ಅಲ್ಲೊಂದು ಇಲ್ಲೊಂದು ತೇಪೆ ಹಿಮ ಉಳಿದಿತ್ತು. ಮಿಕ್ಕದ್ದೆಲ್ಲ ಕರಗಿ ಕಾಲುದಾರಿಯ ತುಂಬ ಕೆಂಗಂದು ಕೆಸರು. ಹತ್ತು ಹೆಜ್ಜೆ ನಡೆಯುವುದರೊಳಗೆ ಬೂಟಿನಡಿ ಮಣ್ಣು ಮೆತ್ತಿ ಕಾಲು ಎತ್ತಲಾಗದ ಹಾಗಾಯಿತು. ಅಣ್ಣ ನಿಂತರು.

“ಕೆಸರು ನಮಗೆಂಥ ಹೊಸತಾ? ಗದ್ದೆಗೆ ಇಳಿಯುವಾಗ ಬೂಟು ಹಾಕ್ತಿದ್ದೆವಾ? ತೆಗೀರಿ ಎಲ್ಲರೂ!”

ಮಾತು ಸರಿ ಕಂಡಿತು. ನಾಲ್ವರೂ ಬೂಟು, ಕಾಲುಚೀಲ ಕಳಚಿ, ಲೇಸು ಗಂಟು ಹಾಕಿ, ಕುತ್ತಿಗೆಗೆ ನೇತುಹಾಕಿಕೊಂಡು ನಡೆದೆವು. ಪಿಕಪ್ಪಿನ ಪಕ್ಕ ಆಡುಗಳಿಗೆ ಮೇವು ಹಾಕುತ್ತಿದ್ದ ಒಮಾನಿ ಮುದುಕರೊಬ್ಬರು ನಮ್ಮ ಕಾಲು ನೋಡಿ ಕೈ ಬೀಸಿದರು. “ಬಾರಿದ್! ಬಾರಿದ್!” ಥಂಡಿ, ಥಂಡಿ ಎಂದು ಅವರು ಹೇಳುತ್ತಿದ್ದದ್ದು. ನಾವು ಸಲಾಂ ಹೇಳಿ ನಗುತ್ತ ಮುಂದೆ ಹೋದೆವು. ಕೆಸರಿನ ವಿದ್ಯೆ ನಮಗೆ ಬರುತ್ತದೆ, ನಿಜ. ಆದರೆ ನಮ್ಮ ಕೆಸರು ಮಳೆಯದ್ದು, ಬೆಚ್ಚಗಿರುತ್ತದೆ. ಇದು ಹಿಮ ಕರಗಿದ ನೀರು. ಸ್ವಲ್ಪ ಹೊತ್ತಿನಲ್ಲೇ ಚಳಿ ಹಿಮ್ಮಡಿಯಿಂದ ಮೊಳಕಾಲಿಗೆ ಏರಿತು.

“ಅಯ್ಯಯ್ಯೋ, ಸತ್ತೆ!” ಎಂದು ಅಣ್ಣ ಒಂಟಿಕಾಲಿನಲ್ಲಿ ಕುಣಿದರು. “ಗದ್ದೆಗೆ ಇಳಿಯಿರಿ ಈಗ!” ಎಂದು ಅತ್ತಿಗೆ ಬಿದ್ದುಬಿದ್ದು ನಕ್ಕರು. ಮೂವರೂ ಒದ್ದೆ ಕಾಲಿಗೇ ಕಾಲುಚೀಲ, ಬೂಟು ತುರುಕಿಕೊಂಡರು. ನಾನು ಹಾಕಲಿಲ್ಲ. ಸಿಟ್ಟು ಬಂದರೆ ನನಗೆ ಹೀಗೇ, ಯಾರ ಮೇಲಿನದನ್ನೋ ನನ್ನ ಮೈಮೇಲೆ ತೀರಿಸಿಕೊಳ್ಳುವುದು. ಬರಿಗಾಲಿನಲ್ಲೇ ದುರುದುರನೆ ನಡೆದೆ. ಗಂಡ ಹೆಂಡತಿ ಫೋಟೊ ತೆಗೆಯುತ್ತ ಪ್ರಪಾತದ ಅಂಚಿನ ಕಡೆಗೆ ಹೋದರು. ಅವಳು ಮಾತ್ರ ನನ್ನ ಹಿಂದೆಯೇ ಬಂದಳು.

ಒಂದು ಬಂಡೆಯ ಹಿಂದೆ ಹಾಸಿಗೆಯಷ್ಟಗಲ ಹಿಮ ಸಿಕ್ಕಿತು. ಮೇಲೆಲ್ಲ ಧೂಳು ಕೂತಿತ್ತು. ಅವಳು ಕೂತು, ಮೇಲಿನ ಪದರ ಕೆರೆದು, ಒಳಗಿನ ಬಿಳಿಯದ್ದನ್ನು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಳು.

“ಫ್ರೀಜರಿನದ್ದೇ ರುಚಿ. ಇದಕ್ಕೆ ಇಷ್ಟು ದೂರ ಬಂದೆವಾ?”

ನಾನು ನಗಲಿಲ್ಲ. ದೂರದಲ್ಲಿ ಅಣ್ಣ ಅತ್ತಿಗೆಯ ನಗು ಕೇಳುತ್ತಿತ್ತು. ನಾಲ್ಕು ಜನ ಬಂದಿದ್ದೆವು, ಎಲ್ಲರೂ ನನ್ನವರೇ. ಆದರೂ ಆ ಬೆಟ್ಟದ ಮೇಲೆ ನಾನೊಬ್ಬಳೇ ಇದ್ದ ಹಾಗೆ ಅನಿಸಿತು. ಅಲ್ಲಿಂದ ಹೋಗೋಣವೆಂದು ಕಾಲೆತ್ತಿದೆ. ಕಾಲು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಧೊಪ್ಪನೆ ಬಂಡೆಯ ಮೇಲೆ ಕುಕ್ಕರಿಸಿದೆ.

“ಯಾ ಅಲ್ಲಾ! ನೀಲಿಯಾಗಿದೆ ನೋಡು. ಹುಚ್ಚು ಹಿಡಿದಿದೆಯಾ ನಿನಗೆ?” ಎಂದು ಅವಳು ಓಡಿಬಂದು ಕೆಸರಿನಲ್ಲೇ ಕೂತಳು. ನನ್ನ ಎರಡೂ ಪಾದ ಎಳೆದು ತೊಡೆಯ ಮೇಲೆ ಇಟ್ಟುಕೊಂಡು, ತನ್ನ ಶಾಲಿನಲ್ಲಿ ಕೆಸರೊರೆಸಿ ಗಸಗಸ ಉಜ್ಜತೊಡಗಿದಳು.

“ನೀಲಿಯಾದರೆ ನಿನಗೆಂಥ? ಬಿಡು.”

“ಬಾಯಿ ಮುಚ್ಚಿ ಕೂತ್ಕೋ.”

ಬಾಯಿ ಮುಚ್ಚಿ ಕೂತೆ. ಅವಳು ಉಜ್ಜುತ್ತಲೇ ಇದ್ದಳು. ಇನ್ನು ನನ್ನಿಂದ ತಡೆಯಲಾಗಲಿಲ್ಲ.

“ಯಾವಾಗ ಹೋಗುವುದು?”

ಉಜ್ಜುತ್ತಿದ್ದ ಕೈ ನಿಂತಿತು. “ಎಲ್ಲಿಗೆ?”

“ಸಾಕು ನಾಟಕ. ಅಕ್ಕಿ ಪ್ಯಾಕೆಟ್ಟಿನಲ್ಲಿ ಬರ್ತಾ ಉಂಟಲ್ಲ.”

ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. ನಗಲು ಹೋದಳು, ಆಗಲಿಲ್ಲ. “ಮಕ್ಕಳ ಪರೀಕ್ಷೆ ಮುಗಿದ ಕೂಡಲೇ” ಎಂದಳು. “ಅಂಗಡಿ ಇನ್ನೊಬ್ಬರ ಕೈಗೆ ಹೋಗುವವರೆಗೆ ಯಾರಿಗೂ ಬಾಯಿ ಬಿಡಬೇಡ ಅಂತ ಇವರು ಆಣೆ ಹಾಕಿಸಿದ್ದಾರೆ. ಅಂಗಡಿಗೆ ಲೈಸೆನ್ಸ್ ಮಾಡಿಸಿಕೊಟ್ಟ ಕಫೀಲ್‌ಗೆ ಈಗಲೇ ಗೊತ್ತಾದ್ರೆ, ಮಾಲು ಕೊಡುವವರಿಗೆ ಗೊತ್ತಾದ್ರೆ ಎಲ್ಲ ಖಲಾಸ್ ಅಂತ.”

“ನಾನು ಕಫೀಲಾ? ಮಾಲು ಕೊಡುವವಳಾ?”

“ಅಲ್ಲ ಮಾರಾಯ್ತಿ.” ಅವಳ ಕಣ್ಣಿಂದ ನೀರು ಇಳಿಯಿತು. ಕೈ ತುಂಬ ಕೆಸರು, ಒರೆಸಿಕೊಳ್ಳುವ ಹಾಗೂ ಇಲ್ಲ. “ನಿನಗೆ ಹೇಳ್ಬೇಕು ಅಂತಲೇ ಇಲ್ಲಿಗೆ ಹೊರಡಿಸಿದ್ದು. ಆಣೆ ಮುರಿದ್ರೂ ಪರವಾಗಿಲ್ಲ ಅಂತ. ಆದ್ರೆ ನಿನ್ನ ಮುಖ ನೋಡಿದ್ರೆ ಹೇಳ್ಲಿಕ್ಕೆ ಆಗುದಿಲ್ಲ. ಬೆಳಿಗ್ಗೆಯಿಂದ ಬರೀ ನೀರು ಬೇಕಾ, ನೀರು ಬೇಕಾ ಅಂತ ಕೇಳಿದ್ದೇ ಆಯ್ತು.”

ನನ್ನ ಸಿಟ್ಟು ಇಳಿದೇ ಹೋಯಿತು. ಸಿಟ್ಟಿದ್ದಾಗ ಅದನ್ನಾದರೂ ಹಿಡಿದುಕೊಂಡಿದ್ದೆ. ಈಗ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಅವಳು ಕಾಲಿನಲ್ಲಿ ಬೆಚ್ಚಗಾಗಿದ್ದ ತನ್ನ ಕಾಲುಚೀಲ ಕಳಚಿ ನನಗೆ ತೊಡಿಸಿದಳು, ಮಕ್ಕಳಿಗೆ ತೊಡಿಸುವ ಹಾಗೆ ಬೆರಳ ತುದಿಯವರೆಗೂ ಎಳೆದು. ಬರಿಗಾಲನ್ನು ತಾನು ಒದ್ದೆ ಬೂಟಿಗೆ ತೂರಿಸಿಕೊಂಡಳು. ಆಮೇಲೆ ನನ್ನ ಪಾದ ಬಿಡದೆಯೇ ಹೇಳಿದಳು.

“ನೀನೂ ಊರಿಗೆ ಹೋಗು. ನಮ್ಮ ಮನೆ ಹತ್ತಿರವೇ ಒಂದು ಮನೆ ನೋಡುವ. ಇಲ್ಲಿ ಇನ್ನು ಯಾರಿಗೆ ಅಂತ ಇರ್ತೀ?”

“ನಿನಗೆ ಅಂತಲೇ ಇದ್ದದ್ದು” ಎಂದೆ. “ಇಷ್ಟು ವರ್ಷ ಮತ್ತೆ ಯಾರಿಗೆ ಅಂತ ತಿಳ್ಕೊಂಡಿದ್ದೀ?”

ಅಂಥ ಮಾತನ್ನು ನಾನು ಯಾವತ್ತೂ ಯಾರಿಗೂ ಹೇಳಿದವಳಲ್ಲ, ನಾಚಿಕೆಯಾಗಿ ಬೆಟ್ಟದ ಕಡೆ ನೋಡಿದೆ. ಬಂಡೆಯಿಂದ ಹಿಮದ ನೀರು ತೊಟಕ್ ತೊಟಕ್ ಎಂದು ಬೀಳುತ್ತಿತ್ತು. ಅಷ್ಟರಲ್ಲಿ ಅಣ್ಣ ದೂರದಿಂದ, “ಯಲ್ಲಾ, ಹೊರಡುವ! ಕತ್ತಲಾದ್ರೆ ಇಳಿಯುವುದು ಕಷ್ಟ!” ಎಂದು ಕೂಗಿದರು. ನಾನು ಕುತ್ತಿಗೆಯ ಬೂಟು ಬಿಚ್ಚಿ ಹಾಕಿಕೊಂಡ ಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದು ಎದ್ದೆವು. ಕಾರಿನವರೆಗೂ ಅವಳು ನನ್ನ ತೋಳು ಬಿಡಲಿಲ್ಲ, ನಾನು ಬಿಡಿಸಿಕೊಳ್ಳಲೂ ಇಲ್ಲ.

ಪರೀಕ್ಷೆ ಮುಗಿದ ವಾರವೇ ಅವರು ಹೊರಟುಹೋದರು. ಈಗ ಅವಳು ಫೋನ್ ಮಾಡುತ್ತಾಳೆ, ಮಕ್ಕಳ ಕಾಲೇಜು, ಹೊಸ ಮನೆಯ ಬಾವಿ, ಗಂಡನ ಸಕ್ಕರೆ ಕಾಯಿಲೆ ಎಲ್ಲ ಹೇಳುತ್ತಾಳೆ. ಮೊದಮೊದಲು ಪ್ರತಿ ಸಲವೂ “ಯಾವಾಗ ಬರ್ತೀ?” ಎನ್ನುತ್ತಿದ್ದಳು. ನಾನು ನೋಡುವ, ನೋಡುವ ಎನ್ನುತ್ತಿದ್ದೆ. ಅವಳ ಊರಿನಲ್ಲಿ ಅವಳಿಗೆ ತಂಗಿಯರಿದ್ದಾರೆ, ನಾದಿನಿಯರಿದ್ದಾರೆ, ಮನೆ ತುಂಬ ಜನ. ಅಲ್ಲಿ ನಾನು ಹೋಗಿ ಯಾರ ಪಕ್ಕ ಕೂರಲಿ? ಈಗೀಗ ಅವಳು ಕೇಳುವುದನ್ನು ಬಿಟ್ಟಿದ್ದಾಳೆ. ನಾನಿನ್ನೂ ಇಲ್ಲೇ ಇದ್ದೇನೆ. ಯಾರಿಗೆ ಅಂತ ಇದ್ದೀ ಎಂದು ಕೇಳುವವರೂ ಈಗ ಇಲ್ಲಿ ಯಾರೂ ಇಲ್ಲ.