ನಾಲ್ಕನೆಯ ಕುಲಾವಿ

ಬುಧವಾರ ಬೆಳಿಗ್ಗೆ ಎಂದಿನಂತೆಯೇ ಇತ್ತು. ಹಾಲು ಕಾಯಿಸಿದೆ. ಯಜಮಾನರಿಗೆ ಬುತ್ತಿ ಕಟ್ಟಿದೆ. ಜೋಳ ಹಸನು ಮಾಡಿ ಮೊರವನ್ನು ಗೋಡೆಗೆ ಆನಿಸಿದೆ. ಹೊಲಿಗೆ ಮಶೀನಿಗೆ ಎಣ್ಣೆ ಬಿಡುತ್ತಿದ್ದಾಗ ಪಕ್ಕದ ಮನೆಯ ನೀಲಮ್ಮ ಬಂದು ಬಾಗಿಲಲ್ಲಿ ನಿಂತಳು. ಕಂಕುಳಲ್ಲಿ ಐದು ತಿಂಗಳ ಮಗಳು ಗೌರಿ. ಕೈಯಲ್ಲಿ ಕೂಸಿನ ತಲೆಗೆಂದು ನಾನು ಹೋದ ತಿಂಗಳಷ್ಟೇ ಹೊಲಿದುಕೊಟ್ಟ ಕುಲಾವಿ.

"ಅಕ್ಕಾರ, ಇದೂ ಬಿಗಿ ಆಗ್ಯದ್ರಿ."

ಇದು ಮೂರನೆಯದು. ಐದು ತಿಂಗಳಿಗೆ ನಾಲ್ಕನೆಯ ಕುಲಾವಿ ಬೇಕೇ?

ನನ್ನ ಹೊಲಿಗೆಯ ಹುಚ್ಚು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. (ಬಟ್ಟೆ ಕಂಟ್ರೋಲ್ ಬಂದು ಅಂಗಡಿಯಲ್ಲಿ ಅಳೆದಷ್ಟೇ ಸಿಗತೊಡಗಿದ ಮೇಲೆ ಯಜಮಾನರ ಹಳೇ ಧೋತರಗಳೂ ನನ್ನ ಕತ್ತರಿಯಿಂದ ಪಾರಾಗಿಲ್ಲ.) ಮಗುವಿನ ಬಟ್ಟೆಗೆ ಒಳಗೆ ಮಡಿಕೆ ಬಿಡಬೇಕು, ಬೆಳೆದಂತೆ ಬಿಚ್ಚಬಹುದು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಮೊದಲ ಪಾಠ ಅದು. ಈ ಕುಲಾವಿಗೂ ಧಾರಾಳವಾಗಿಯೇ ಮಡಿಕೆ ಬಿಟ್ಟಿದ್ದೆ. ನೀಲಮ್ಮ ಅದನ್ನೂ ಪೂರ್ತಿ ಬಿಚ್ಚಿಬಿಟ್ಟಿದ್ದಳು. ಅಂಗಿ ಮಾತ್ರ ತೊಟ್ಟಿಲಿಗೆ ಹಾಕಿದ ದಿನ ಕೊಟ್ಟದ್ದೇ. ಅದು ಇನ್ನೂ ಸಡಿಲ.

ಮೈ ಬೆಳೆಯದೆ ತಲೆಯೊಂದೇ ಬೆಳೆಯುತ್ತದೆಯೇ?

ಓಣಿಯಲ್ಲಿ ಯಾರಿಗೂ ಅನುಮಾನ ಬಂದಿರಲಿಲ್ಲ. ದೊಡ್ಡ ತಲೆಯ ಕೂಸು ಶಾಣ್ಯಾ ಆಗುತ್ತದೆಂದು ಎಲ್ಲರ ನಂಬಿಕೆ. ಎದುರು ಮನೆಯ ಹುಸೇನ್‌ಬಿಯಂತೂ ಈಕೆ ಹೈದರಾಬಾದಿಗೆ ಹೋಗಿ ದಿವಾನರಿಗೇ ಬುದ್ಧಿ ಹೇಳುವವಳು ಎಂದು ನಗಿಸುತ್ತಿದ್ದಳು. ದೇವದುರ್ಗದಿಂದ ಬಾಣಂತನಕ್ಕೆ ಬಂದು ಇಲ್ಲೇ ಉಳಿದ ನೀಲಮ್ಮನ ಅತ್ತೆ ಸಿದ್ದಮ್ಮನವರು ನೆತ್ತಿಗೆ ಹರಳೆಣ್ಣೆ ಒತ್ತಿ, ತಲೆ ಗುಂಡಗಾಗಲೆಂದು ದಿನಾ ಬಟ್ಟೆ ಬಿಗಿಯುತ್ತಿದ್ದರು. ಪ್ರೀತಿಯಿಂದಲೇ.

ಇಂದು ಕೂಸನ್ನು ಬೆಳಕಿಗೆ ಹಿಡಿದು ನೋಡಿದೆ. ಕಣ್ಣಿನ ಕಪ್ಪು ಗುಡ್ಡೆ ಕೆಳಗಿನ ರೆಪ್ಪೆಯೊಳಗೆ ಇಳಿದು ಮೇಲೆ ಬಿಳುಪು ಕಾಣುತ್ತಿತ್ತು. ಹಣೆಯ ಪಕ್ಕದಲ್ಲಿ ನೀಲಿ ನರಗಳು. ಎತ್ತಿ ಕೂಡಿಸಿದರೂ ನೆತ್ತಿ ಉಬ್ಬಿಯೇ ಇತ್ತು. ಎರಡು ವಾರದಿಂದ ಕುಡಿದ ಹಾಲನ್ನು ಕಕ್ಕುತ್ತಿದ್ದಾಳೆ ಎಂದೂ ನೀಲಮ್ಮ ಹೇಳಿದಳು.

ಹಳೆಯ ಕುಲಾವಿಗಳನ್ನು ತರಲು ಹೇಳಿದೆ. ಪುಣ್ಯಕ್ಕೆ ಎಲ್ಲವನ್ನೂ ಟ್ರಂಕಿನಲ್ಲಿ ಇಟ್ಟಿದ್ದಳು. ಟಾಂಗಾ ಕರೆಸಿದೆ. ಸಿದ್ದಮ್ಮನವರೂ ಹತ್ತಿದರು, ಇಂಗ್ಲಿಷ್ ಓದಿದವರಿಗೆ ಸೀನು ಬಂದರೂ ದವಾಖಾನೆ ಬೇಕು ಎಂದು ದಾರಿಯುದ್ದಕ್ಕೂ ಗೊಣಗುತ್ತ.

ಡಾಕ್ಟರು ಕೂಸನ್ನು ನೋಡಿದವರೇ ಟೇಪು ತೆಗೆದರು. ಸಿದ್ದಮ್ಮನವರು ಸೆರಗನ್ನು ಮೊಮ್ಮಗಳ ತಲೆಯ ಮೇಲೆ ಎಳೆದರು.

"ಕೂಸಿನ ಮೈ ಅಳೀಬಾರದ್ರಿ ಸಾಹೇಬ್ರ. ಆಯುಷ್ಯ ಕಮ್ಮಿ ಆಗ್ತದ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಕುಲಾವಿಗಳ ಚೀಲವನ್ನು ಅವರ ಮೇಜಿನ ಮೇಲೆ ಬರಿದು ಮಾಡಿದೆ.

ಹಸಿರು ಖಣದ್ದು ತೊಟ್ಟಿಲಿಗೆ ಹಾಕಿದ ದಿನದ್ದು. ಬಿಳಿಯದು ಹಲ್ಲಿಲ್ಲದ ಬಾಯಲ್ಲಿ ಮೊದಲು ನಕ್ಕಾಗಿನದು. ಕೆಂಪಿನದು ಹೋದ ತಿಂಗಳದು. ಯಾವುದು ಎಂದು ಹಾಕಿದ್ದು, ಎಂದು ಬಿಗಿಯಾದದ್ದು ಎಲ್ಲವೂ ನೀಲಮ್ಮನಿಗೆ ನೆನಪಿತ್ತು. ಡಾಕ್ಟರು ಒಂದೊಂದನ್ನೂ ಅಳೆದು ಬರೆದುಕೊಂಡರು. ಈ ವಯಸ್ಸಿಗೆ ತಲೆ ತಿಂಗಳಿಗೆ ಅರ್ಧ ಬೆರಳಿನ ಅಗಲ ಬೆಳೆದರೆ ಸರಿ ಎಂದರು. ಆಮೇಲೆ ಹಸಿರು ಕುಲಾವಿಯನ್ನು ಕೆಂಪಿನದರೊಳಗೆ ಇಟ್ಟರು. ದೊಡ್ಡ ಬೋಗುಣಿಯಲ್ಲಿ ಸಣ್ಣ ಬಟ್ಟಲು ಇಟ್ಟಂತಿತ್ತು.

ಕಿಟಕಿ ಮುಚ್ಚಿಸಿ, ಹೊತ್ತಿಸಿದ ಬ್ಯಾಟರಿ ದೀಪದ ಬಾಯಿಯನ್ನು ಕೂಸಿನ ತಲೆಗೆ ತಾಗಿಸಿದರು. ಅಂಗೈ ಅಡ್ಡ ಹಿಡಿದಾಗ ದೀಪ ಕೆಂಪಗೆ ಕಾಣುತ್ತದಲ್ಲ, ಹಾಗೆ ತಲೆಯ ಆ ಭಾಗವೆಲ್ಲ ಬೆಳಗಿತು.



ಇದಕ್ಕೆ ಹೈಡ್ರೋಸೆಫಲಸ್ ಎನ್ನುತ್ತಾರೆ ಎಂದು ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಮಿದುಳಿನೊಳಗೆ ತಿಳಿನೀರು ಎಲ್ಲರಲ್ಲೂ ದಿನವೂ ಹುಟ್ಟುತ್ತದೆ, ಹರಿದುಹೋಗುತ್ತದೆ. ಹರಿಯುವ ದಾರಿ ಕಟ್ಟಿದರೆ ಒಳಗೇ ತುಂಬುತ್ತದೆ. ಕೂಸಿನ ತಲೆಯ ಎಲುಬು ಇನ್ನೂ ಕೂಡಿಕೊಂಡಿರುವುದಿಲ್ಲ, ಆದ್ದರಿಂದ ತಲೆ ಹಿಗ್ಗುತ್ತದೆ. ದೃಷ್ಟಿಯಿಂದ ಬರುವುದಲ್ಲ, ಬಾಣಂತಿಯ ತಪ್ಪೂ ಅಲ್ಲ. ಎಣ್ಣೆಗೆ ಇಳಿಯುವುದಿಲ್ಲ, ಬಟ್ಟೆ ಬಿಗಿದರೆ ನಿಲ್ಲುವುದೂ ಇಲ್ಲ. ನೆತ್ತಿಯಿಂದ ಸೂಜಿಯಲ್ಲಿ ನೀರು ತೆಗೆದರೆ ನಾಲ್ಕು ದಿನ ಹಗುರ, ಮತ್ತೆ ತುಂಬುತ್ತದೆ. ಮದ್ರಾಸಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ನೀರಿಗೆ ಬೇರೆ ದಾರಿ ಮಾಡಲು ನೋಡುತ್ತಾರೆ. ಎಲ್ಲ ಮಕ್ಕಳಿಗೂ ಗುಣವಾಗುತ್ತದೆ ಎನ್ನಲಾರೆ ಎಂದರು. ತಡಮಾಡಿದರೆ ಕಣ್ಣು ಹೋಗಬಹುದು, ಬುದ್ಧಿ ಹೋಗಬಹುದು, ಜೀವವೂ ಹೋಗಬಹುದು ಎಂದೂ ಮುಚ್ಚಿಡದೆ ಹೇಳಿದರು.

ನೀಲಮ್ಮ ಅತ್ತೆಯ ಕಡೆ ತಿರುಗಿದಳು. ಆ ಮನೆಯಲ್ಲಿ ಕೊನೆಯ ಮಾತು ಅವರದೇ.

ಸಿದ್ದಮ್ಮನವರು ಹಸಿರು ಕುಲಾವಿಯನ್ನು ಕೈಯಲ್ಲಿ ಹಿಡಿದು ತಿರುವುತ್ತಿದ್ದರು. ಅದನ್ನು ಮೆಲ್ಲಗೆ ಕೆಳಗಿಟ್ಟರು. ಮೊಮ್ಮಗಳ ತಲೆಯ ಮೇಲಿನ ಸೆರಗನ್ನು ತಾವೇ ಸರಿಸಿದರು.

"ಬಟ್ಟಿ ಅಳದದ್ದು ಸಾಕ್ರಿ. ಕೂಸನ್ನ ಅಳೀರಿ. ಮದ್ರಾಸಿಗೆ ಚೀಟಿ ಬರಕೊಡ್ರಿ."

ಡಾಕ್ಟರು ಅಳೆದರು, ಪತ್ರ ಬರೆದರು. ನಾಳೆಯ ಮೇಲ್ ಗಾಡಿಗೆ ಅತ್ತೆ, ಸೊಸೆ, ನೀಲಮ್ಮನ ಗಂಡ ಮೂವರೂ ಗೌರಿಯನ್ನು ಕರೆದುಕೊಂಡು ಹೊರಡುತ್ತಾರೆ. ಅಲ್ಲಿ ಏನಾಗುತ್ತದೋ ನನಗೆ ತಿಳಿಯದು. ಆದರೆ ಹೊರಡುತ್ತಾರೆ.

ತಾಯಂದಿರೇ, ಅಕ್ಕಿಯಲ್ಲಿ ಕಲ್ಲು ಹುಡುಕುವ ಕಣ್ಣು ನಮ್ಮದು. ಕೂಸಿನ ತಲೆಯ ಮೇಲೂ ಒಂದಿಷ್ಟು ಇಡಬಾರದೇ? ಟೇಪು ಹಿಡಿಯಲು ಹಿರಿಯರು ಬಿಡದಿದ್ದರೆ ಜಗಳಕ್ಕೆ ನಿಲ್ಲಬೇಡಿ. ಹಳೆಯ ಕುಲಾವಿಯನ್ನು ಯಾರಿಗೂ ಕೊಡದೆ ಎತ್ತಿಡಿ, ಹೊಸದರ ಜೊತೆ ಇಟ್ಟು ನೋಡಿ. ತಲೆ ಓಡುತ್ತ ಮೈ ಹಿಂದುಳಿದರೆ ಅಂದೇ ಹೊರಡಿ.

ಸಂಜೆ ಕಟ್ಟೆಯ ಮೇಲೆ ಕೂತು ನಾಲ್ಕನೆಯ ಕುಲಾವಿ ಹೊಲಿಯುತ್ತಿದ್ದೆ. ರೈಲಿನ ಗಾಳಿಗೆ ಬೇಕಲ್ಲ. ಬಿಗಿಯಾಗದಂತೆ ಹೊಲಿದೆ. ಒಳಗಿನ ಮಡಿಕೆ ಮಾತ್ರ ಡಾಕ್ಟರು ಸರಿ ಎಂದ ಲೆಕ್ಕಕ್ಕೇ, ಅರ್ಧ ಬೆರಳು, ಇನ್ನು ಮೇಲೆ ಅಷ್ಟೇ ಬೆಳೆಯಲಿ ಎಂದು.

ಕೊಡ ಹೊತ್ತು ಹೋಗುತ್ತಿದ್ದ ಹುಸೇನ್‌ಬಿ ನಿಂತು ಬಗ್ಗಿ ನೋಡಿದಳು.

"ಮಡಿಕಿ ಇಷ್ಟೇ ಬಿಟ್ಟೀರಲ್ರೀ ಅಕ್ಕಾ, ಬೆಳಿಯೋ ಕೂಸಿಗೆ ಸಾಕಾಗ್ತದೇನು?"