ಏಳನೇ ಜೋಡಿಯ ಮರಿಗಳು

ಕೊಟ್ಟೂರಿನ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಮೀನು ಎಂಬ ಮಾತನ್ನೂ ಆಡುವಂತಿರಲಿಲ್ಲ. ನಾನು ಮೀನಿನ ರೋಗದ ಮೇಲೆ ಪಿಎಚ್‌.ಡಿ. ಮಾಡುತ್ತೇನೆಂದಾಗ ಅವ್ವ ಒಂದೇ ಷರತ್ತು ಹಾಕಿದಳು: ಹಿತ್ತಲ ಬಾಗಿಲಿನಿಂದ ಬಂದು, ಬಚ್ಚಲಲ್ಲಿ ಮೈ ತೊಳೆದುಕೊಂಡ ಮೇಲೆಯೇ ಒಳಗೆ ಕಾಲಿಡಬೇಕು. ಆರು ವರ್ಷ ಹಾಗೆಯೇ ಮಾಡಿದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ವಾರಕ್ಕೆ ಮೂರು ದಿನ ಕಾಲೇಜಿನಲ್ಲಿ ಅರೆಕಾಲಿಕ ಪಾಠ, ಉಳಿದ ದಿನ ತಂಬ್ರಹಳ್ಳಿ ಕಡೆಯ ಒಂದು ಮೀನುಮರಿ ಫಾರ್ಮಿನಲ್ಲಿ ನನ್ನ ಪ್ರಯೋಗ. ಫಾರ್ಮಿನ ಸಾಹುಕಾರರೂ ಮೀನು ಮುಟ್ಟದ ಮನೆತನದವರು. ಅವರು ಮಾರುವವರು ಮಾತ್ರ. ಮೂಲೆಯ ನಾಲ್ಕು ತೊಟ್ಟಿ, ಎರಡು ಸಣ್ಣ ಹೊಂಡಗಳನ್ನು ನನಗೆ ಬಿಟ್ಟುಕೊಟ್ಟಿದ್ದರು. ನನ್ನ ಜೊತೆ ಕೆಲಸಕ್ಕಿದ್ದವರು ಮಾಗಳದ ಒಬ್ಬ ಮೀನುಗಾರರು. ಐವತ್ತು ದಾಟಿದ ಆಳು. ಓದು ಬರಹ ಬಾರದು. ನಾನು ಅವರನ್ನು ಯಜಮಾನ್ರೇ ಅನ್ನುತ್ತಿದ್ದೆ, ಅವರು ನನ್ನನ್ನು ಸರ ಅನ್ನುತ್ತಿದ್ದರು.

ಆ ವರ್ಷಗಳಲ್ಲಿ ಚಳಿ ಬಿದ್ದರೆ ಸಾಕು, ಕೆರೆಗಳಲ್ಲಿ ಮೀನಿನ ಮೈಮೇಲೆ ಕೆಂಪು ಹುಣ್ಣು ಏಳುತ್ತಿತ್ತು. ಹುಣ್ಣು ಮಾಂಸದೊಳಗೆ ಇಳಿದು ಮೀನು ಸಾಯುತ್ತಿತ್ತು. ಸುಣ್ಣ ಹಾಕುವುದು ಬಿಟ್ಟರೆ ಯಾರಿಗೂ ಬೇರೆ ದಾರಿ ತೋಚುತ್ತಿರಲಿಲ್ಲ. ಒಂದು ಬೆಳಿಗ್ಗೆ ಯಜಮಾನರು ಹೊಳೆಯಲ್ಲಿ ಹಿಡಿದ ದೊಡ್ಡ ಹೆಣ್ಣು ರೋಹುವನ್ನು ನೀರು ತುಂಬಿದ ಡ್ರಮ್ಮಿನಲ್ಲಿಟ್ಟು, ಟೆಂಪೋದಲ್ಲಿ ಜೀವಂತವಾಗಿ ತಂದರು. ಅದರ ಪಕ್ಕೆಯ ಮೇಲೆ ಅಂಗೈಯಷ್ಟಗಲ ಹುರುಪೆಯಿಲ್ಲದ ಬಿಳಿ ಕಲೆ.

“ನೋಡ್ರಿ ಸರ, ಹುಣ್ಣಾಗಿ ಮಾಯ್ದೈತಿ. ಜೊತಿಗಿದ್ದಾವು ಎಲ್ಲಾ ಸತ್ತಿರ್ತಾವ, ಇದೊಂದು ಉಳದೈತಿ. ಇದರ ಮರಿ ಮಾಡಿಸ್ರಿ.”

“ಅದೃಷ್ಟದಿಂದ ಉಳಿದಿರಬಹುದಲ್ಲ?” ಎಂದೆ.

“ಅದೃಷ್ಟನೋ ರಕ್ತನೋ, ಮಕ್ಕಳನ್ನ ನೋಡಿದ್ರ ಗೊತ್ತಾಕ್ಕೈತಿ.”

ನಾನು ಪುಸ್ತಕಗಳಲ್ಲಿ ಓದಿದ್ದೂ ಅದನ್ನೇ. ಆ ಮಳೆಗಾಲದಲ್ಲಿ ಹತ್ತು ಜೋಡಿಗಳಿಗೆ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸಿದೆವು. ಕಲೆಯ ರೋಹು ಏಳನೇ ಜೋಡಿ. ಒಂದೊಂದು ಜೋಡಿಯ ಮರಿಗಳನ್ನೂ ಬೇರೆ ಬೇರೆ ಬಲೆಗೂಡುಗಳಲ್ಲಿ ಸಾಕಿ, ಬೆರಳುದ್ದ ಆದ ಮೇಲೆ ಎರಡು ಪಾಲು ಮಾಡಿದೆವು. ಒಂದು ಪಾಲು ಶುದ್ಧ ನೀರಿನ ಹೊಂಡದಲ್ಲಿ, ಮತ್ತೆ ಜೋಡಿಗೊಂದು ಬಲೆಗೂಡಿಗೆ. ಇನ್ನೊಂದು ಪಾಲು, ಯಾವ ಜೋಡಿಯದೆಂದು ತಿಳಿಯಲು ಜೋಡಿಗೊಂದು ಬಗೆಯಲ್ಲಿ ರೆಕ್ಕೆಯ ತುದಿ ಕತ್ತರಿಸಿ, ಹುಣ್ಣೆದ್ದ ಮೀನುಗಳನ್ನು ಬಿಟ್ಟ ತೊಟ್ಟಿಗೆ.

“ಬೇಕಂತ ರೋಗ ಹಚ್ತೀರೇನ್ರಿ?” ಯಜಮಾನರು ಬಲೆ ಕೆಳಗಿಟ್ಟರು.

ನಾನು ವಿವರಿಸಿದೆ. ರೋಗ ತಡೆಯುವ ಶಕ್ತಿ ಕಣ್ಣಿಗೆ ಕಾಣುವುದಿಲ್ಲ. ಸಾವಿನ ಎದುರು ನಿಲ್ಲಿಸಿದರೆ ಮಾತ್ರ ತಿಳಿಯುತ್ತದೆ. ಹಾಗೆ ಬದುಕುಳಿದವನ್ನು ತಳಿಗೆ ಬಳಸಿದರೆ ರೋಗವನ್ನೂ ಹೊತ್ತು ತರಬಹುದು. ಅದಕ್ಕೇ ಒಡಹುಟ್ಟಿದವರಲ್ಲಿ ಅರ್ಧ ಜನರನ್ನು ರೋಗಕ್ಕೆ ಒಡ್ಡಿ, ಆ ಮನೆತನ ಗಟ್ಟಿ ಎಂದು ಕಂಡರೆ, ಒಡ್ಡದೆ ಇಟ್ಟ ಉಳಿದರ್ಧವನ್ನು ಮುಂದಿನ ಪೀಳಿಗೆಗೆ ಇಟ್ಟುಕೊಳ್ಳುವುದು.

ಅವರು, “ಅಣ್ಣ ಸತ್ತು ತಮ್ಮಗ ಸಾಕ್ಷಿ ಹೇಳಬೇಕು ಅನ್ರಿ” ಎಂದರು. ಬಲೆ ಎತ್ತಿಕೊಂಡರು.

ಆ ಚಳಿಗಾಲವೆಲ್ಲ ಇಬ್ಬರೂ ಸತ್ತ ಮರಿಗಳನ್ನು ಎತ್ತಿ, ರೆಕ್ಕೆ ನೋಡಿ, ಎಣಿಸಿದೆವು. ಮೂರನೇ ಜೋಡಿಯ ಮರಿಗಳು ಹೆಚ್ಚುಕಡಿಮೆ ಪೂರ್ತಿ ಹೋದವು. ಏಳನೆಯದರಲ್ಲಿ ಬಹುಪಾಲು ಉಳಿದವು. ಯಜಮಾನರು ಹೆಗಲ ಮೇಲಿನ ಟವೆಲ್ ತೆಗೆದು ಗಾಳಿಯಲ್ಲಿ ಬೀಸಿ ನಕ್ಕರು. ಆಮೇಲೆ ಆ ಮರಿಗಳ ಒಡಹುಟ್ಟುಗಳು ಬೆಳೆದು ಮೊಟ್ಟೆ ಕಟ್ಟುವ ತನಕ ಎರಡು ವರ್ಷ ಕಾದು, ಇನ್ನೊಂದು ಗಟ್ಟಿ ಜೋಡಿಯ ಮಕ್ಕಳೊಂದಿಗೆ ಕೂಡಿಸಿದೆವು. ಅವುಗಳ ಮರಿಗಳಲ್ಲಿ ಸಾವು ಇನ್ನೂ ಇಳಿಯಿತು. ಪೂರ್ತಿ ನಿಲ್ಲಲಿಲ್ಲ, ಇಳಿಯಿತು. ಅಷ್ಟಕ್ಕೇ ನನಗೆ ಆಕಾಶ ಮೂರೇ ಗೇಣು.

ಸುದ್ದಿ ಸಾಹುಕಾರರ ಕಿವಿಗೆ ಬಿತ್ತು. ಅವರು ‘ರೋಗ ತಡೆಯುವ ತಳಿ’ ಎಂದು ಚೀಟಿ ಅಚ್ಚು ಹಾಕಿಸಿದರು. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಕಡೆಯಿಂದ ಜನ ಹುಡುಕಿಕೊಂಡು ಬರತೊಡಗಿದರು. ನಮ್ಮಲ್ಲಿದ್ದದ್ದು ಎರಡು ಕೆರೆಗೂ ಸಾಲದಷ್ಟು ಮರಿ. ಯಜಮಾನರು ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದ ವಾರ ಎಲ್ಲಿಂದಲೋ ಎರಡು ಲಾರಿ ಮರಿ ಬಂದು ಮುಂಭಾಗದ ಹೊಂಡಗಳಿಗೆ ಬಿದ್ದವು. ಸಾಹುಕಾರರು ಚೀಟಿಯ ಕಟ್ಟನ್ನು ನನ್ನ ಮುಂದಿಟ್ಟರು.

“ಇವು ನಮ್ಮ ಮರಿ ಅಲ್ಲ” ಎಂದೆ.

“ನಮ್ಮ ಹೊಂಡದ ನೀರು ಕುಡದ ಮ್ಯಾಲ ನಮ್ವ ಅಲ್ಲೇನು? ಸಹಿ ಹಾಕ್ರಿ. ನಿಮ್ಮ ತೊಟ್ಟಿ ಯಾರ ಜಾಗದಾಗ ಅದಾವು?”

ಗದರಿಸಲಿಲ್ಲ. ನಗುತ್ತಲೇ ಹೇಳಿದರು. ಪ್ರಬಂಧಕ್ಕೆ ಇನ್ನೊಂದು ಚಳಿಗಾಲದ ಲೆಕ್ಕ ಬಾಕಿಯಿತ್ತು, ಅದಿಲ್ಲದೆ ನನ್ನ ಆರು ವರ್ಷ ನೀರುಪಾಲು. ಸಹಿ ಹಾಕಿದೆ. ಮೊದಲ ಚೀಟಿಯನ್ನು ಎರಡು ಸಲ ಓದಿದೆ. ಇಪ್ಪತ್ತನೆಯದನ್ನು ನೋಡಲೂ ಇಲ್ಲ.

ಹತ್ತು ದಿನ ಬಿಟ್ಟು ಯಜಮಾನರು ಬಂದರು, ತಮ್ಮೂರಿನ ನಾಲ್ಕು ಜನ ಮೀನುಗಾರರನ್ನು ಕರೆದುಕೊಂಡು. ಕೆರೆಯೊಂದನ್ನು ಅವರೆಲ್ಲ ಕೂಡಿ ಗುತ್ತಿಗೆ ಹಿಡಿದಿದ್ದರು. ಬೇರೆ ಎಲ್ಲಿಂದಲೂ ಮರಿ ತರಬಾರದೆಂದು ಹಟ ಹಿಡಿದವರು ಯಜಮಾನರೇ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಟೆಂಪೋಕ್ಕೆ ಏರಿಸುವಾಗ ಒಂದನ್ನು ಬೆಳಕಿಗೆ ಹಿಡಿದು ನೋಡಿದರು.

“ಇವು ನಮ್ಮ ಏಳನೇ ಜೋಡಿವು ಹೌದಲ್ರಿ ಸರ?”

ಸಾಹುಕಾರರು ಕುರ್ಚಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು “ಹೌದು” ಎಂದೆ. ಚೀಟಿ ಕೈಗಿತ್ತೆ. ಅವರು ಅದನ್ನು ಮಡಚಿ, ಓದಲು ಬರದಿದ್ದರೂ ಕಣ್ಣಿಗೊತ್ತಿಕೊಂಡು ಅಂಗಿಯ ಒಳಜೇಬಿಗೆ ಇಟ್ಟರು.

ಚಳಿ ಬಂತು. ಒಂದು ಮಧ್ಯಾಹ್ನ ಅವರು ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೀನೊಂದನ್ನು ನನ್ನ ಮೇಜಿನ ಮೇಲೆ ಬಿಚ್ಚಿದರು. ಬಾಲದ ಬುಡದಲ್ಲಿ ಹುಣ್ಣು ಮುಳ್ಳಿನವರೆಗೆ ಇಳಿದಿತ್ತು.

“ಕೆರಿ ತುಂಬ ಹಿಂಗ ತೇಲ್ಯಾವ. ಇದಕ್ಕ ಏನಂತೀರಿ?”

ಆಗಲಾದರೂ ಬಾಯಿ ಬಿಡಬಹುದಿತ್ತು. ಬದಲು ಪಾಠ ಮಾಡಿದೆ. ತಡೆಯುವ ಶಕ್ತಿ ಎಂದರೆ ರೋಗವೇ ಬರುವುದಿಲ್ಲ ಎಂದಲ್ಲ. ಸಾವು ಕಡಿಮೆಯಾಗುತ್ತದೆ, ಅಷ್ಟೇ. ನೀರು ಕೆಟ್ಟಿದ್ದರೆ ಗಟ್ಟಿ ತಳಿಯೂ ಬೀಳುತ್ತದೆ. ಒಂದು ಪೀಳಿಗೆಯ ಗುಣ ಎಲ್ಲ ಮರಿಗೂ ಸಮನಾಗಿ ಇಳಿಯುವುದಿಲ್ಲ. ಒಂದೊಂದು ಮಾತೂ ಶಾಸ್ತ್ರಕ್ಕೆ ಸರಿ. ನಾನು ಆಡಿದ ಅತಿ ದೊಡ್ಡ ಸುಳ್ಳು ಅಷ್ಟೂ ನಿಜಗಳಿಂದ ಕಟ್ಟಿದ್ದು.

ಯಜಮಾನರು ಕೊನೆಯವರೆಗೂ ಕೇಳಿದರು. “ನೀವು ಹೇಳೋದು ಖರೆ ಇರಬೌದ್ರಿ ಸರ. ನಿಮ್ಮ ಮಾರಿ ಖರೆ ಹೇಳವಲ್ದು” ಎಂದರು. “ನಮ್ಮವರು ನನ್ನ ಮಾತಿಗೆ ಕೆರಿಗೆ ಮರಿ ಬಿಟ್ಟಾರ. ನಾನು ನಿಮ್ಮ ಮಾತಿಗೆ ಬಿಡಿಸ್ದೆ.” ಮೀನನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಕೆಲಸಕ್ಕೆ ಮತ್ತೆ ಬರಲಿಲ್ಲ.

ಏಳನೇ ಜೋಡಿಯ ವಂಶವೂ ಉಳಿಯಲಿಲ್ಲ. ನಾನು ಪ್ರಬಂಧ ಬರೆಯಲು ಕುಳಿತ ಬೇಸಿಗೆಯಲ್ಲಿ ಸಾಹುಕಾರರು ಜಾಗ ಬೇಕೆಂದು ನನ್ನ ಎರಡೂ ಹೊಂಡಗಳ ಮೀನನ್ನು ದೊಡ್ಡ ಹೊಂಡಕ್ಕೆ ಸುರಿಸಿದ್ದರು. ನಾನು ಹೋಗಿ ನೋಡುವಷ್ಟರಲ್ಲಿ ಯಾವುದು ಯಾರ ಮಗು ಎಂದು ಹೇಳಲು ದೇವರಿಗೂ ಸಾಧ್ಯವಿರಲಿಲ್ಲ. ಇದ್ದ ಗುಣ ಅಲ್ಲೇ ಎಲ್ಲೋ ಕರಗಿಹೋಯಿತು. ನನ್ನ ಕೋಷ್ಟಕಗಳು ಮಾತ್ರ ಅಚ್ಚುಕಟ್ಟಾಗಿದ್ದವು. ಪದವಿ ಬಂತು, ಕಾಯಂ ನೌಕರಿ ಬಂತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು, “ಈ ತಳಿ ಈಗ ರೈತರ ಕೈಯಲ್ಲಿ ಇದೆಯೇ?” ಎಂದು ಕೇಳಿದಾಗ, “ವಿತರಣೆ ಆಗಿದೆ ಸರ್” ಎಂದೆ.

ಎರಡು ವರ್ಷದ ಮೇಲೆ ಒಂದು ಭಾನುವಾರ ಮಾಗಳಕ್ಕೆ ಹೋದೆ. ಎಲ್ಲ ಹೇಳಿಬಿಡಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರ ಹೆಂಡತಿ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದರು. ನಾನು ಯಾರೆಂದು ಹೇಳಿದೆ.

“ಗೊತ್ತಾತು ಬಿಡ್ರಿ. ಈಗ ಯಾರೂ ಅವರನ್ನ ಕೆರಿ ಪಾಲಿಗೆ ಕರಿಯಂಗಿಲ್ಲ. ಒಬ್ರ ತೆಪ್ಪ ಹಾಕ್ಕೊಂಡು ಹೋಗ್ಯಾರ. ಹೊಳಿಗೆ ಹೋಗ್ರಿ.” ನೀರು ಬೇಕೇ ಎಂದು ಕೇಳಲಿಲ್ಲ.

ದಡದಲ್ಲಿ ಕಲ್ಲಿನ ಮೇಲೆ ಕೂತೆ. ಬಿಸಿಲು ಇಳಿಯುವ ಹೊತ್ತಿಗೆ ತೆಪ್ಪ ಕಾಣಿಸಿತು. ಅವರು ಬಲೆ ಎಳೆದುಕೊಂಡು ಈ ಕಡೆಗೇ ಹುಟ್ಟು ಹಾಕುತ್ತಿದ್ದರು. ನಾನು ಎದ್ದು ನಿಂತು ಕೈ ಎತ್ತಿದೆ. ಅವರು ಹುಟ್ಟು ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತೆಪ್ಪವನ್ನು ತಿರುಗಿಸಿ, ಅವಸರವೇನೂ ಇಲ್ಲದೆ, ಆಚೆ ದಡದ ಕಡೆಗೆ ಹುಟ್ಟು ಹಾಕಿದರು.

ವಾಪಸು ಹಡಗಲಿಗೆ ಹೋಗುವ ಬಸ್ಸು ಬರುವ ತನಕ ಕಾದೆ.